ಬೈಯುವ ಮೊದಲು ತೀರ್ಪು ಓದು

ಬದಿಯಡ್ಕ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಓಣಂ ರಜೆಯಲ್ಲಿ ನೀನು ಓ.ಜೆ. ಸಿಂಪ್ಸನ್ ಕೇಸಿನ ಬಗ್ಗೆ, ಅದೇ ಮಾಜಿ ಹೆಂಡತಿಯನ್ನು ಕೊಂದ ಆರೋಪದಿಂದ ಖುಲಾಸೆಯಾದ ಅಮೆರಿಕದ ಕಪ್ಪು ಫುಟ್‌ಬಾಲ್ ತಾರೆಯ ಬಗ್ಗೆ, ವಾದ ಮಾಡುವಾಗ ನಾನು ಬಾಯಿ ಹಾಕಲಿಲ್ಲ. ಆದರೆ ಲಾ ಕಾಲೇಜು ಸೇರಿದವಳು "ಆ ಹನ್ನೆರಡು ಮಂದಿ ಜ್ಯೂರಿಗೆ ತಲೆಯೇ ಇರಲಿಲ್ಲ" ಅಂದುಬಿಡಬಾರದು. ತೀರ್ಪು ಹೇಳಲು ಕೂತ ಸಾಮಾನ್ಯ ಜನ ಅವರು.

ಅವನೇ ಕೊಂದದ್ದು ಅಂತ ನಿನಗೆ ಅನ್ನಿಸಿದರೆ ಅನ್ನಿಸಲಿ. ನಾಲ್ಕು ಗಂಟೆಯೊಳಗೆ ಜ್ಯೂರಿ ಮಾತು ಮುಗಿಸಿ ಎದ್ದದ್ದು ನನಗೂ ಸರಿ ಕಾಣುವುದಿಲ್ಲ. ಆದರೆ ಜನ ಕಂಡದ್ದೇ ಬೇರೆ, ಜ್ಯೂರಿ ಕಂಡದ್ದೇ ಬೇರೆ. 1994ರ ಜೂನ್‌ನಲ್ಲಿ ಮಾಜಿ ಹೆಂಡತಿ ನಿಕೋಲ್ ಮತ್ತು ಅವಳ ಸ್ನೇಹಿತ ರೊನಾಲ್ಡ್ ಗೋಲ್ಡ್‌ಮನ್ ಕೊಲೆಯಾದರು. ಐದು ದಿನ ಕಳೆದು ಸಿಂಪ್ಸನ್ ಇದ್ದ ಬಿಳಿ ಕಾರು ಮುಂದೆ, ಪೊಲೀಸರು ಹಿಂದೆ. ಅಮೆರಿಕದ ಜನ ಅದನ್ನು ಟಿ.ವಿ.ಯಲ್ಲಿ ನೇರ ನೋಡಿ ಅಂದೇ ತೀರ್ಪು ಕೊಟ್ಟುಬಿಟ್ಟರು. ಸರ್ಕಾರಿ ವಕೀಲರು ಆ ಓಟವನ್ನು ಸಾಕ್ಷ್ಯವಾಗಿ ಜ್ಯೂರಿಯ ಮುಂದೆ ಇಡಲೇ ಇಲ್ಲ. ಜ್ಯೂರಿಯವರನ್ನೋ ತಿಂಗಳುಗಟ್ಟಲೆ ಹೋಟೆಲಿನಲ್ಲಿ ಕೂರಿಸಿದ್ದರು. ಕೇಸಿನ ಸುದ್ದಿ ಅವರ ಕಿವಿಗೆ ಬೀಳುವಂತಿರಲಿಲ್ಲ.

ಅವರು ಕಂಡದ್ದು ಇದು: ಸಿಂಪ್ಸನ್ ಮೈಯಿಂದ ತೆಗೆದ ರಕ್ತದ ಸೀಸೆಯನ್ನು ತನಿಖಾಧಿಕಾರಿ ಕೂಡಲೇ ದಾಖಲು ಮಾಡಿಸಲಿಲ್ಲ. ಲಕೋಟೆಯಲ್ಲಿ ಹಾಕಿಕೊಂಡು ಸಿಂಪ್ಸನ್ ಮನೆಗೇ ಹೋದ! ಸಾಕ್ಷ್ಯ ಸಂಗ್ರಹಿಸುವವನು ಅಲ್ಲಿದ್ದ, ಅವನ ಕೈಗೆ ಕೊಡಲು ಹೋದೆ ಅಂದ. ಇರಬಹುದು. ಆದರೆ ಆ ಮನೆಯಲ್ಲಿ ಸಿಕ್ಕ ರಕ್ತದ ಕಲೆಯೂ ಕೇಸಿನ ಸಾಕ್ಷ್ಯ. ನಮ್ಮ ಕಾಸರಗೋಡಿನ ಕೋರ್ಟಿನಲ್ಲಾದರೂ ಆರೋಪಿಯ ವಕೀಲರು ಇದನ್ನು ಬಿಡ್ತಾರಾ? ಇನ್ನು ಸಿಂಪ್ಸನ್ ಮನೆಯಲ್ಲಿ ರಕ್ತ ಹತ್ತಿದ ಕೈಗವಸು ಸಿಕ್ಕಿತು ಅಂದ ಪೊಲೀಸ್ ಫರ್ಮನ್. ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಆ ಮಾತನ್ನು ಹತ್ತು ವರ್ಷದಿಂದ ಆಡಿಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ದ. ಮತ್ತೆ ಟೇಪು ಸಿಕ್ಕಿತು, ಅದರಲ್ಲಿ ಅವನದೇ ದನಿ.

ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನಿಗೆ ಬಡಿದ ಕೇಸಿನಲ್ಲಿ ಪೊಲೀಸರನ್ನು ಖುಲಾಸೆ ಮಾಡಿದಾಗ ಲಾಸ್ ಏಂಜಲಿಸ್ ಹೊತ್ತಿ ಉರಿದದ್ದು 1992ರಲ್ಲಿ. 1995ರ ಅಕ್ಟೋಬರ್ 3ಕ್ಕೆ ಸಿಂಪ್ಸನ್ ಬಿಡುಗಡೆ ಅಂದಾಗ ಕಪ್ಪು ಜನ ಎಷ್ಟೋ ಮಂದಿ ಕುಣಿದದ್ದು, ಬಿಳಿಯರು ಬಾಯಿ ಬಿಟ್ಟು ಕೂತದ್ದು ಸುಮ್ನೆ ಅಲ್ಲ. ಪೊಲೀಸರ ಮೇಲೆ ಯಾರಿಗೆ ಎಷ್ಟು ನಂಬಿಕೆಯೋ ಅಷ್ಟೇ ಆ ಸಾಕ್ಷ್ಯದ ಮೇಲೆ. 1997ರಲ್ಲಿ ಸಿವಿಲ್ ಕೇಸಿನ ಜ್ಯೂರಿ ಸಾವಿಗೆ ಅವನೇ ಹೊಣೆ ಅಂತು. ಒಟ್ಟು 3.35 ಕೋಟಿ ಡಾಲರ್ ಕಟ್ಟಬೇಕು ಅಂತ ತೀರ್ಪಾಯಿತು. ಅಲ್ಲಿ ತಕ್ಕಡಿ ಸ್ವಲ್ಪ ವಾಲಿದರೂ ಸಾಕು, ಕ್ರಿಮಿನಲ್ ಕೇಸಿನಲ್ಲಿ ಸಾಲದು. ಇದು ನಿನಗೆ ಪಾಠದಲ್ಲೇ ಬಂದಿರಬೇಕಲ್ವಾ?

ನಮ್ಮ ನಾನಾವತಿ ಕೇಸು ಇದರ ಉಲ್ಟಾ. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ. ಬ್ಲಿಟ್ಜ್ ಪತ್ರಿಕೆ ಅವನ ಪರ, ಜನವೂ ಅವನ ಪರ. ಜ್ಯೂರಿ 8-1ರಲ್ಲಿ ನಿರ್ದೋಷಿ ಅಂತು. ಸೆಷನ್ಸ್ ಜಡ್ಜು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಸಿಂಪ್ಸನ್ ಜ್ಯೂರಿ ಕಾರಣ ಬರೆದಿಡಲಿಲ್ಲ. ನಮ್ಮ ಜಡ್ಜುಗಳು ಬರೆಯಲೇಬೇಕು. ಹಾಗಾಗಿ ಇಲ್ಲಿನ ಯಾವ ಖುಲಾಸೆಯನ್ನೂ ಬೈಯುವ ಮೊದಲು ತೀರ್ಪು ತರಿಸಿ ಓದು. ಯಾವ ಸಾಕ್ಷಿ ಎಲ್ಲಿ ಎಡವಿದ, ಮಹಜರಿನಲ್ಲಿ ಏನು ತಪ್ಪಿತು ಅಂತ ಗುರುತು ಹಾಕು. ಆಮೇಲೆ ಬೈಯಿ, ನಾನೂ ಸೇರ್ತೇನೆ. ಮೊದಲು ನಾನಾವತಿ ಕೇಸಿನ 1961ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿ ಫೋನ್ ಮಾಡು.

ಹಲಸಿನ ಹಪ್ಪಳ ಕಳಿಸಿದ್ದೇನೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ.

ಇತಿ,
ದೊಡ್ಡಪ್ಪ