‘ಇವರಿಗೆ’ ಎಂಬಲ್ಲಿ ಯಾರ ಹೆಸರು ಬರೆಯಲಿ?

ಇವರಿಂದ:
ಅರ್ಜಿ ಬರೆದುಕೊಡುವವನು,
ತಹಶೀಲ್ದಾರ್ ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ,
ಸಿಂಧನೂರು, ರಾಯಚೂರು ಜಿಲ್ಲೆ

ಇವರಿಗೆ:
ನಮ್ಮ ಕ್ಷೇತ್ರದ ಮಾನ್ಯ ಶಾಸಕರು

ವಿಷಯ: ರಾಜ್ಯಸಭೆ ಚುನಾವಣೆಯಲ್ಲಿ ತಾವು ಹಾಕುವ ಮತದ ಲೆಕ್ಕ ಕೇಳುವ ಕುರಿತು.

ಮಾನ್ಯರೇ,

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ನಾನು ದಿನಕ್ಕೆ ಹತ್ತಿಪ್ಪತ್ತು ಸಲ ಬರೆಯುತ್ತೇನೆ. ಪಹಣಿಯಲ್ಲಿ ತಪ್ಪಾದ ಹೆಸರು, ನಿಂತುಹೋದ ವಿಧವಾ ವೇತನ, ಬಾರದ ರೇಷನ್ ಕಾರ್ಡ್, ಕಾಲುವೆಯ ಕೊನೆಭಾಗಕ್ಕೆ ತಲುಪದ ನೀರು, ಯಾರ ಸಂಕಟವಾದರೂ ಶುರುವಾಗುವುದು ಅದೇ ಸಾಲಿನಿಂದ. ನನ್ನ ಪರವಾಗಿ ನಾನೇ ಬರೆದುಕೊಳ್ಳುತ್ತಿರುವ ಮೊದಲ ಅರ್ಜಿ ಇದು. ಇದಕ್ಕೆ ಕಾರಣ ಒಬ್ಬ ಮುದುಕಿ.

ಹೋದ ವಾರ ಬಂದಿದ್ದರು. ಯೂರಿಯಾ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ ಕಾಗದಗಳು. ಗಿಣಿಗೇರಾ–ರಾಯಚೂರು ರೈಲು ಮಾರ್ಗ ಅವರ ಹೊಲವನ್ನು ಎರಡು ಹೋಳು ಮಾಡಿದೆ. ಒಂದು ಎಕರೆ ಹಳಿಯ ಆಚೆ, ಮೂವತ್ತು ಗುಂಟೆ ಈಚೆ. ಪರಿಹಾರ ಬಂದಿದೆ, ಅದರ ಬಗ್ಗೆ ತಕರಾರಿಲ್ಲ. ರೈಲು ಬೇಡವೆಂದೂ ಅಲ್ಲ. 2024ರ ಮಾರ್ಚ್‌ನಲ್ಲಿ ಮೊದಲ ರೈಲು ಸಿಂಧನೂರಿಗೆ ಬಂದಾಗ ನೋಡಲು ಹೋದವರಲ್ಲಿ ಅವರೂ ಒಬ್ಬರಂತೆ. ಬೇಕಿರುವುದು ಒಂದು ಕೆಳಸೇತುವೆ. ಭತ್ತ ಕೊಯ್ಯುವ ಯಂತ್ರ ಆಚೆಯ ಎಕರೆಗೆ ಹೋಗಲು ಸುತ್ತು ಹಾಕಬೇಕು, ಯಂತ್ರದವರು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೇಳುತ್ತಾರೆ. ಕೊಟ್ಟ ಅರ್ಜಿಗಳ ಸ್ವೀಕೃತಿ ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ದಾರ ಸುತ್ತಿದ್ದರು. ಉತ್ತರ ಬಂದ ಕಾಗದ ಆ ಕಟ್ಟಿನಲ್ಲಿ ಇರಲಿಲ್ಲ.

ರೈಲು ಎಂದರೆ ದೆಹಲಿ. ಪಿಯುಸಿ ಓದುವ ಮೊಮ್ಮಗ ಅಜ್ಜಿಗೆ ಸಂಸತ್ತಿನ ಪಾಠ ಹೇಳಿ ಕಳಿಸಿದ್ದಾನೆ. ‘ಲೋಕಸಭೆಯವರಿಗೆ ಒಂದು, ರಾಜ್ಯಸಭೆಯವರಿಗೆ ಒಂದು, ಎರಡು ಬರೆ ತಮ್ಮಾ’ ಎಂದರು. ಮೊದಲನೆಯದು ಸರಾಗವಾಗಿ ಮುಗಿಯಿತು. ಎರಡನೆಯ ಹಾಳೆ ತೆಗೆದು ‘ಇವರಿಗೆ’ ಎಂದು ಬರೆದೆ, ಕೆಳಗೆ ‘ಮಾನ್ಯ ರಾಜ್ಯಸಭಾ ಸದಸ್ಯರು’ ಎಂದು ಬರೆದೆ, ಪೆನ್ನು ನಿಂತಿತು. ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ ಹನ್ನೆರಡು ಸ್ಥಾನ. ಯಾರಿಗೆ ಬರೆಯಬೇಕು? ಹನ್ನೆರಡು ಜನರೂ ಇಡೀ ರಾಜ್ಯಕ್ಕೆ ಸೇರಿದವರು. ಸಿಂಧನೂರಿನ ಆ ಎಕರೆ ಮೂವತ್ತು ಗುಂಟೆ ಯಾರ ಪಾಲಿಗೆ ಬರುತ್ತದೆ?

‘ಅವರಿಗೆ ನಾನು ಯಾವಾಗ ಓಟು ಹಾಕಿದೆ?’ ಎಂದು ಕೇಳಿದರು.

‘ನೀವು ಹಾಕುವುದಿಲ್ಲ ಅಮ್ಮಾ, ನಿಮ್ಮ ಪರವಾಗಿ ಎಮ್ಮೆಲ್ಲೆ ಹಾಕುತ್ತಾರೆ.’

‘ನನ್ನ ಓಟು ಅವರು ಯಾರಿಗೆ ಹಾಕಿದರು?’

ಗೊತ್ತಿಲ್ಲ ಎಂದೆ. ‘ಮತ್ತೆ ಕೇಳಬಾರದೇನು?’ ಎಂದರು. ಆದ್ದರಿಂದ ಕೇಳುತ್ತಿದ್ದೇನೆ.

ತಮಗೆ ಗೊತ್ತಿರುವುದನ್ನೇ ತಮಗೆ ಹೇಳುವುದು ಉದ್ಧಟತನವಾದೀತು. ಆದರೆ ಪತ್ರ ಬಹಿರಂಗವಾದ್ದರಿಂದ, ಬೇವಿನ ಮರದ ಕೆಳಗೆ ಸರದಿ ಕಾಯುತ್ತ ಇದನ್ನು ಓದುವವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಸಂವಿಧಾನದ 80ನೇ ವಿಧಿಯ ಪ್ರಕಾರ ರಾಜ್ಯಸಭೆಗೆ ರಾಜ್ಯದ ಪ್ರತಿನಿಧಿಗಳನ್ನು ಆರಿಸುವವರು ವಿಧಾನಸಭೆಯ ಚುನಾಯಿತ ಸದಸ್ಯರು. ಸದಸ್ಯರ ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದವರು ನಿವೃತ್ತರಾಗುತ್ತಾರೆ. ಹಾಗಾಗಿ ಕರ್ನಾಟಕದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕು ಸ್ಥಾನ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಗುರುತಿಸಬೇಕು. ಈ ನಿಯಮದಲ್ಲಿ ನನ್ನ ಕಸುಬಿನವರಿಗೆ ಹಿಡಿಸುವ ಒಂದು ಮಾತಿದೆ. ಅಂಕಿಯನ್ನು ಯಾವ ಭಾರತೀಯ ಭಾಷೆಯಲ್ಲಿ ಬೇಕಾದರೂ ಬರೆಯಬಹುದು, ಕನ್ನಡದ ‘೧’ ಕೂಡ ನಡೆಯುತ್ತದೆ. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಚುನಾವಣಾಧಿಕಾರಿ ಕೊಟ್ಟ ಪೆನ್ನಿನಲ್ಲೇ ಬರೆಯಬೇಕು. 2016ರಲ್ಲಿ ಹರಿಯಾಣದಲ್ಲಿ ಹತ್ತಕ್ಕೂ ಹೆಚ್ಚು ಶಾಸಕರ ಮತಗಳು ಬೇರೆ ಪೆನ್ನು ಬಳಸಿದ ಕಾರಣಕ್ಕೆ ತಿರಸ್ಕೃತವಾಗಿ ಫಲಿತಾಂಶವೇ ತಲೆಕೆಳಗಾಯಿತು. ನಾವಾದರೂ ಯಂತ್ರದ ಗುಂಡಿ ಒತ್ತಿ ಬರುತ್ತೇವೆ.

ಇನ್ನೊಂದು ವ್ಯತ್ಯಾಸವೂ ಇದೆ. ನನ್ನ ಮತ ಗುಟ್ಟು, ತಮ್ಮದು ಗುಟ್ಟಲ್ಲ. 2003ರಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯಸಭೆ ಚುನಾವಣೆಯನ್ನು ಬಹಿರಂಗ ಮತದಾನಕ್ಕೆ ಬದಲಾಯಿಸಿದರು. ಅದೇ ತಿದ್ದುಪಡಿ, ಅಭ್ಯರ್ಥಿಯು ಆಯಾ ರಾಜ್ಯದ ಮತದಾರನಾಗಿರಬೇಕೆಂಬ ಷರತ್ತನ್ನೂ ತೆಗೆದುಹಾಕಿತು. ಎರಡನ್ನೂ ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿಹಿಡಿಯಿತು. ಆದರೆ ‘ಬಹಿರಂಗ’ ಎಂದರೆ ಯಾರಿಗೆ ಬಹಿರಂಗ? ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮುಂಚೆ ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಬೇಕು. ಬೇರೆಯವರಿಗೆ ತೋರಿಸಿದರೆ ಮತ ರದ್ದು. 2017ರಲ್ಲಿ ಗುಜರಾತಿನ ಇಬ್ಬರು ಶಾಸಕರ ಮತ ಹೋದದ್ದು ಹೀಗೆಯೇ. (ಅದೇ ಚುನಾವಣೆಯ ಮುನ್ನ ಗುಜರಾತಿನ ಶಾಸಕರ ಒಂದು ಗುಂಪನ್ನು ನಮ್ಮ ಬಿಡದಿಯ ರೆಸಾರ್ಟಿಗೆ ತಂದು ಇಟ್ಟುಕೊಂಡಿದ್ದರು. ಈ ವಿಷಯದಲ್ಲಿ ಕರ್ನಾಟಕದ ಆತಿಥ್ಯಕ್ಕೆ ಹೆಸರಿದೆ.) ಒಟ್ಟಿನಲ್ಲಿ ತಮ್ಮ ಮತವನ್ನು ನೋಡುವ ಹಕ್ಕು ಪಕ್ಷಕ್ಕೆ ಇದೆ. ತಮ್ಮನ್ನು ಅಲ್ಲಿಗೆ ಕಳಿಸಿದ ಮುದುಕಿಗೆ ಇಲ್ಲ.

ಮತಪತ್ರ ತೋರಿಸಿ ಎಂದು ನಾನು ಕೇಳುತ್ತಿಲ್ಲ, ಅದು ಕಾನೂನಿಗೆ ವಿರುದ್ಧ. ಬಾಯಿಬಿಟ್ಟು ಹೇಳುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಮತದಾನಕ್ಕೆ ಮುಂಚೆ ನಮ್ಮ ಊರಿನಲ್ಲಿ ಒಂದು ಸಭೆ ಕರೆಯಿರಿ. ಇಂಥವರಿಗೆ ಮೊದಲ ಪ್ರಾಶಸ್ತ್ಯ ಕೊಡುತ್ತೇನೆ, ಕಾರಣ ಇದು, ಎನ್ನಿ. ಪಕ್ಷ ಹೇಳಿದವರಿಗೆ ಹಾಕುತ್ತೇನೆ ಎಂಬುದೇ ಕಾರಣವಾದರೆ ಅದನ್ನೇ ಹೇಳಿ, ನಮಗೆ ಹೊಸದೇನಲ್ಲ. ಆದರೆ ಪಕ್ಷ ಯಾರನ್ನು ಹೇಳಿತು, ಅವರಿಗೂ ತುಂಗಭದ್ರೆಯ ಈ ದಂಡೆಗೂ ಏನು ನಂಟು, ಅದನ್ನು ವಿಚಾರಿಸಿದಿರೋ ಇಲ್ಲವೋ ಎಂಬುದನ್ನಾದರೂ ತಿಳಿಸಿ.

‘ನಾನೊಬ್ಬ ಏನು ಮಾಡಲಾದೀತು, ಹೈಕಮಾಂಡ್ ಹೇಳಿದ ಮೇಲೆ ಮುಗಿಯಿತು’ ಎಂದು ತಾವು ಹೇಳಬಹುದು. ಅದಕ್ಕೇ ಅರ್ಜಿಯ ಬೆನ್ನಿಗೆ ಒಂದು ಲೆಕ್ಕ ಹಾಕಿದ್ದೇನೆ.

ವಿಧಾನಸಭೆಯ ಬಲ 224. ರಾಜ್ಯಸಭೆಯ ಎಣಿಕೆಯಲ್ಲಿ ಒಂದು ಮತದ ಮೌಲ್ಯ 100, ಒಟ್ಟು 22,400. ನಾಲ್ಕು ಸ್ಥಾನಗಳಿದ್ದರೆ ಅದನ್ನು ಐದರಿಂದ ಭಾಗಿಸಿ ಒಂದು ಕೂಡಿಸಬೇಕು. ಬರುವುದು 4,481. ಅಂದರೆ ಮೊದಲ ಪ್ರಾಶಸ್ತ್ಯದ 45 ಮತ ಇದ್ದರೆ ಗೆಲುವು ಖಚಿತ. ಈಗ ನಮ್ಮವರನ್ನು ಎಣಿಸೋಣ. ರಾಯಚೂರು ಜಿಲ್ಲೆಯಲ್ಲಿ ಏಳು, ಕೊಪ್ಪಳದಲ್ಲಿ ಐದು, ಬಳ್ಳಾರಿಯಲ್ಲಿ ಐದು: ಹದಿನೇಳು. ವಿಜಯನಗರದ ಐದು, ಯಾದಗಿರಿಯ ನಾಲ್ಕು, ಕಲಬುರಗಿಯ ಒಂಬತ್ತು, ಬೀದರದ ಆರು ಸೇರಿಸಿದರೆ ಕಲ್ಯಾಣ ಕರ್ನಾಟಕದ ಶಾಸಕರು 41. ನಲವತ್ತೈದಕ್ಕೆ ನಾಲ್ಕೇ ಕಡಿಮೆ! ಕೊಪ್ಪಳದ ಪಕ್ಕದ ಗದಗ ಜಿಲ್ಲೆಯ ಶಾಸಕರು ಸರಿಯಾಗಿ ನಾಲ್ವರು. ಚಹಾಕ್ಕೆ ಕರೆದರೆ ಬಾರದೆ ಇರುತ್ತಾರೆಯೇ?

ಹಾಸ್ಯ ಎಂದುಕೊಳ್ಳಬೇಡಿ. 41 ಜನರೂ ಪಕ್ಷ ಬಿಟ್ಟು ಒಂದಾಗುತ್ತಾರೆ ಎಂದು ನಂಬುವಷ್ಟು ಎಳಸು ನಾನಲ್ಲ, ಬೇವಿನ ಮರದ ಕೆಳಗೆ ಎಲ್ಲ ಪಕ್ಷಗಳ ಅರ್ಜಿಗಳನ್ನೂ ಬರೆದಿದ್ದೇನೆ. ಲೆಕ್ಕ ಹೇಳುವುದು ಬೇರೆಯದನ್ನು. ನಾಮಪತ್ರಕ್ಕೆ ಹತ್ತು ಶಾಸಕರು ಸೂಚಕರಾಗಿ ಸಹಿ ಹಾಕಬೇಕು. ನಮ್ಮ ಮೂರು ಜಿಲ್ಲೆಗಳಲ್ಲೇ ಹದಿನೇಳು ಸಹಿಗಳಿವೆ. ಸಹಿ ಹಾಕುವ ಕ್ಷಣದಲ್ಲಿ ಅಭ್ಯರ್ಥಿ ಎಂಥ ದೊಡ್ಡವರಾದರೂ ತಮ್ಮ ಮುಂದೆ ಕಾಯಬೇಕಾಗುತ್ತದೆ. ಎರಡು ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದು? ಒಂದೇ ಒಂದು ಮತ ಎಷ್ಟು ತೂಗುತ್ತದೆ ಎಂಬುದು 2024ರ ಫೆಬ್ರುವರಿ 27ರಂದು ಗೊತ್ತಾಗಿದೆ. ನಾಲ್ಕು ಸ್ಥಾನಕ್ಕೆ ಐವರು ನಿಂತಿದ್ದರು. ಗೆದ್ದವರಿಗೆ 47, 47, 47, 45. ಸೋತವರಿಗೆ 36. ಆ ದಿನದ ಮುಂಚೆ ಹೋಟೆಲಿನ ಬಸ್ಸು ಹತ್ತಿದ ಶಾಸಕರ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ಒಂದೊಂದು ತಲೆಯನ್ನೂ ಎಣಿಸಿ ಬಸ್ಸು ಹತ್ತಿಸುವಷ್ಟು ಬೆಲೆ ಇದೆ ಎಂದಮೇಲೆ ಆ ಬೆಲೆಯಲ್ಲಿ ನಮ್ಮ ಊರಿಗೂ ಒಂದು ಪಾಲು ಕೇಳುವುದು ತಪ್ಪೇ? ಬೆಲೆ ಎಂದರೆ ದುಡ್ಡಿನ ಮಾತಲ್ಲ. ರಾಜ್ಯಸಭೆಯ ಮತಕ್ಕೆ ಲಂಚ ಪಡೆದ ಶಾಸಕರಿಗೆ ಶಾಸನಸಭೆಯ ವಿಶೇಷ ಹಕ್ಕಿನ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್‌ನಲ್ಲಿ ಹೇಳಿಯಾಗಿದೆ.

ಇಷ್ಟು ಓದಿ, ‘ಹೊರಗಿನವರು ಬೇಡ ಎನ್ನುವ ಹಳೆಯ ರಾಗ’ ಎಂದು ಬದಿಗಿಡಬೇಡಿ. ನನ್ನ ರಾಗ ಅದಲ್ಲ. ಹೊರಗಿನವರನ್ನು ಕಳಿಸುವುದು ಕರ್ನಾಟಕಕ್ಕೆ ರೂಢಿಯೇ. ವೆಂಕಯ್ಯ ನಾಯ್ಡು 1998ರಿಂದ 2016ರವರೆಗೆ ಇಲ್ಲಿಂದಲೇ ಇದ್ದರು, 2011ರಲ್ಲಿ ಹೇಮಾ ಮಾಲಿನಿ ಗೆದ್ದರು, ನಿರ್ಮಲಾ ಸೀತಾರಾಮನ್ ಎರಡು ಸಲ ಆಯ್ಕೆಯಾದರು, 2024ರಲ್ಲಿ ದೆಹಲಿಯ ಅಜಯ್ ಮಾಕನ್. ನಮ್ಮ ಭಾಗದವರೇ ಇಲ್ಲವೆಂದು ಗೊಣಗುವಂತೆಯೂ ಇಲ್ಲ. ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 2020ರಲ್ಲಿ ಹೋದರು, ಬಳ್ಳಾರಿಯ ಸೈಯದ್ ನಾಸಿರ್ ಹುಸೇನ್ 2024ರಲ್ಲಿ ಮತ್ತೆ ಗೆದ್ದರು. 2020ರಲ್ಲಿ ರಾಯಚೂರಿನ ಅಶೋಕ ಗಸ್ತಿ ಅವರ ಹೆಸರು ಬಂದಾಗ ಜಿಲ್ಲೆಯೇ ಅಚ್ಚರಿಪಟ್ಟಿತು. ಸಾಮಾನ್ಯ ಕಾರ್ಯಕರ್ತ, ಸಣ್ಣ ಸಮುದಾಯದಿಂದ ಬಂದವರು. ಯಾವ ಪಕ್ಷ ಎಂದು ನೋಡದೆ ನಮ್ಮ ಮರದ ಕೆಳಗೆ ಅಂದು ಎಲ್ಲರೂ ಖುಷಿಯಾಗಿದ್ದರು. ಜುಲೈ 22ರಂದು ಪ್ರಮಾಣವಚನ, ಸೆಪ್ಟೆಂಬರ್ 17ಕ್ಕೆ ಕೋವಿಡ್ ಅವರನ್ನು ಕರೆದೊಯ್ದಿತು. ಸದನದಲ್ಲಿ ಒಂದು ಮಾತು ಆಡಲೂ ಆಗಲಿಲ್ಲ. ಆ ತೆರವಾದ ಸ್ಥಾನ ಮತ್ತೆ ರಾಯಚೂರಿಗೆ ಬರಲಿಲ್ಲ.

ಊರಿನವರಾಗಿರಲಿ, ಪರವೂರಿನವರಾಗಿರಲಿ, ಉತ್ತರದಾಯಿ ಯಾರಿಗೆ ಎಂಬುದಷ್ಟೇ ನನ್ನ ಪ್ರಶ್ನೆ. ಲೋಕಸಭೆಯವರು ಐದು ವರ್ಷಕ್ಕೊಮ್ಮೆಯಾದರೂ ನಮ್ಮ ಓಣಿಗೆ ಬರಲೇಬೇಕು. ರಾಜ್ಯಸಭೆಯವರು ಬರಬೇಕಾದದ್ದು ತಮ್ಮಂಥ ಶಾಸಕರ ಮನೆಗೆ ಮಾತ್ರ. ಆದ್ದರಿಂದ ನಾವು ಕೇಳಬೇಕಾದದ್ದನ್ನೆಲ್ಲ ತಾವೇ ಕೇಳಬೇಕು. ಅದು ಸಣ್ಣ ಸದನವೂ ಅಲ್ಲ. ನಮ್ಮ ಮಕ್ಕಳಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಟ್ಟ 371 (ಜೆ) ವಿಧಿ 2012ರ ಡಿಸೆಂಬರ್‌ನಲ್ಲಿ ಎರಡೂ ಸದನಗಳಲ್ಲಿ ಒಪ್ಪಿಗೆ ಪಡೆದೇ ಬಂದದ್ದು. ರಾಜ್ಯಸಭೆಯ ಮೊದಲ ಅಧಿವೇಶನ ಸೇರಿದ್ದು 1952ರ ಮೇ 13ರಂದು. ಆಗ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ಬಳ್ಳಾರಿ ಮದ್ರಾಸಿನಲ್ಲಿತ್ತು. ಸರಿಯಾಗಿ ಎಪ್ಪತ್ತು ವರ್ಷದ ಬಳಿಕ, 2022ರ ಮೇ 13ರಂದು, ರಾಯಚೂರಿಗೆ ಏಮ್ಸ್ ಬೇಕೆಂದು ಧರಣಿ ಶುರುವಾಯಿತು. ದಿನಾಂಕ ಕಾಕತಾಳೀಯ ಇರಬಹುದು. ಧರಣಿ ಸಾವಿರ ದಿನ ದಾಟಿದ್ದು ಮಾತ್ರ ಕಾಕತಾಳೀಯವಲ್ಲ.

ಸಹಿ ಹಾಕುವ ಮುಂಚೆ ಏನು ಕೇಳಬೇಕೆಂದರೆ, ಒಂದು: ಅಭ್ಯರ್ಥಿ ನಾಮಪತ್ರಕ್ಕೆ ಮುಂಚೆಯೋ ಗೆದ್ದ ತಿಂಗಳಲ್ಲೋ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಒಂದೊಂದು ದಿನ ಕುಳಿತು ಅಹವಾಲು ಕೇಳಲಿ. ಇನ್ನೊಂದು, ಸಂಸದರ ನಿಧಿ. ವರ್ಷಕ್ಕೆ 5 ಕೋಟಿ ರೂಪಾಯಿ. ರಾಜ್ಯಸಭೆಯವರು ತಮ್ಮನ್ನು ಆರಿಸಿದ ರಾಜ್ಯದ ಯಾವ ಜಿಲ್ಲೆಗಾದರೂ ಕೊಡಬಹುದು, ಒಂದು ಜಿಲ್ಲೆಯನ್ನು ನಿಧಿಯ ಉಸ್ತುವಾರಿ ನೋಡಿಕೊಳ್ಳುವ ನೋಡಲ್ ಜಿಲ್ಲೆಯಾಗಿ ಆರಿಸಿಕೊಳ್ಳಬೇಕು. ಆ ಹೆಸರು ಬರೆಯುವಾಗ ಬೆಂಗಳೂರು ತಾನಾಗಿ ನೆನಪಾಗುತ್ತದೆ. ನಮ್ಮ ಜಿಲ್ಲೆಗಳನ್ನು ಯಾರಾದರೂ ನೆನಪಿಸಬೇಕು. ನೆನಪಿಸಲು 17 ಜನರಿದ್ದೀರಿ, ಒಬ್ಬರಾದರೂ ಬಾಯಿ ತೆರೆಯಿರಿ. ಮುದುಕಿಯ ಕೆಳಸೇತುವೆ ರೈಲ್ವೆಯ ಒಪ್ಪಿಗೆ ಇಲ್ಲದೆ ಆಗುವ ಕೆಲಸವಲ್ಲ, ನನಗೆ ಗೊತ್ತು. ಅದಕ್ಕೆ ಸದನದಲ್ಲಿ ರೈಲ್ವೆ ಸಚಿವರಿಗೆ ಒಂದು ಪ್ರಶ್ನೆ ಹಾಕಿದರೂ ಸಾಕು, ಲಿಖಿತ ಉತ್ತರ ಬರುತ್ತದೆ. ದಾರ ಸುತ್ತಿದ ಆ ಕಟ್ಟಿಗೆ ಒಂದು ಉತ್ತರವಾದರೂ ಸೇರುತ್ತದೆ.

ಎರಡನೆಯ ಹಾಳೆ ನನ್ನ ಮೇಜಿನ ಮೇಲೆ ಹಾಗೆಯೇ ಇದೆ, ಗಾಳಿಗೆ ಹಾರದಂತೆ ಒಂದು ಕಲ್ಲು ಇಟ್ಟಿದ್ದೇನೆ. ವಿಷಯ ಬರೆದಾಗಿದೆ, ಸರ್ವೆ ನಂಬರು ಬರೆದಾಗಿದೆ, ಮುದುಕಿಯ ಹೆಬ್ಬೆರಳ ಗುರುತೂ ಬಿದ್ದಿದೆ. ‘ಇವರಿಗೆ’ ಎಂಬುದರ ಕೆಳಗೆ ಎರಡು ಸಾಲು ಜಾಗ ಖಾಲಿ ಬಿಟ್ಟಿದ್ದೇನೆ. ಸೋಮವಾರ ಸಂತೆಗೆ ಬಂದಾಗ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಬರೆದ ಕೂಲಿ ಇನ್ನೂ ತೆಗೆದುಕೊಂಡಿಲ್ಲ.

ತಮ್ಮ ವಿಶ್ವಾಸಿ,
ಅರ್ಜಿ ಬರೆದುಕೊಡುವವನು, ಸಿಂಧನೂರು