ಪುಟ್ಟಿಯನ್ನು ಕೂರಿಸಿಕೊಂಡು ಹೋದ ಭಾನುವಾರ

ಲೋ ಮಂಜ,

ನಾನು ಮೋಟರು ಕೂರಿಸಿದ ಸೈಕಲ್ಲಿನ ಫೋಟೊ ನೋಡಿ ಸುಮಾರು ಜನ ಹೇಗೆ ಮಾಡಿದೆ ಅಂತ ಕೇಳಿದರು. ಅವರಿಗೂ ಆಗಲಿ ಅಂತ ನಿನಗೆ ಇಲ್ಲೇ ಬರೆಯುತ್ತಿದ್ದೇನೆ.

ಅಪ್ಪನ ಹಳೇ ಸೈಕಲ್ಲು. ಮುಂದಿನ ಗಾಲಿಗೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 250 ವ್ಯಾಟಿನ ಹಬ್ ಮೋಟರು, ಅಂದರೆ ಗಾಲಿಯ ನಡುವೆಯೇ ಕೂರುವ ಮೋಟರು. 36 ವೋಲ್ಟಿನ ಬ್ಯಾಟರಿ, ಒಳಗೆ 40 ಸೆಲ್ಲು. ಫುಲ್ ಚಾರ್ಜ್ ಆದರೆ 42 ವೋಲ್ಟು. ನನಗೆ ಭಯ ಇದ್ದದ್ದೆಲ್ಲ ಈ ಬ್ಯಾಟರಿಯದ್ದೇ. ಬ್ಯಾಟರಿ ಕಾಯುವ ಬಿಎಂಎಸ್ ಸರ್ಕ್ಯೂಟ್ ಹಾಕಿದೆ, ಫ್ಯೂಸ್ ಹಾಕಿದೆ, ರಾತ್ರಿ ಚಾರ್ಜಿಗೆ ಇಡುವುದೇ ಇಲ್ಲ. ಮುಂದಿನ ಗಾಲಿಯನ್ನು ಫೋರ್ಕಿಗೆ ಹಿಡಿದಿಡುವ ಒಂದು ನಟ್ಟಿನ ಬಗ್ಗೆ ಮಾತ್ರ ಯೋಚನೆ ಮಾಡಲಿಲ್ಲ.

ಮಾಮೂಲಿ ಗಾಲಿಯಲ್ಲಿ ನಡುವಿನ ಸರಳು, ಅಂದರೆ ಆಕ್ಸಲ್, ಸುಮ್ನೆ ಭಾರ ಹೊತ್ತುಕೊಂಡು ಕೂತಿರುತ್ತದೆ. ಹಬ್ ಮೋಟರಿನಲ್ಲಿ ಹಾಗಲ್ಲ. ಮೋಟರು ಗಾಲಿಯನ್ನು ಎಷ್ಟು ಜೋರಾಗಿ ಮುಂದಕ್ಕೆ ತಿರುಗಿಸುತ್ತದೋ, ಅಷ್ಟೇ ಜೋರಾಗಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಫೋರ್ಕಿನ ತುದಿಯ ಎರಡು ಸೀಳು ಅಷ್ಟೆ. ಆ ಸೀಳಿಗೆ 10 ಮಿ.ಮೀ. ಆಕ್ಸಲ್ ಹಿಡಿಸಲಿಲ್ಲ ಅಂತ ನಾನು ಅರ ಹಾಕಿ ಉಜ್ಜಿದ್ದೆ. ಸ್ವಲ್ಪ ಜಾಸ್ತಿಯೇ ಉಜ್ಜಿದ್ದೆ. ಆಕ್ಸಲ್ ತಿರುಗದ ಹಾಗೆ ಫೋರ್ಕಿಗೆ ಕಟ್ಟಲು ಟಾರ್ಕ್ ಆರ್ಮ್ ಅಂತ ಒಂದು ಕಬ್ಬಿಣದ ಪಟ್ಟಿ ಬರುತ್ತದೆ. ಅದು ಡಬ್ಬದಲ್ಲೇ ಇತ್ತು. ಕವರು ಕೂಡ ಬಿಚ್ಚಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮ ಬೀದಿಯ ಏರಿನಲ್ಲಿ ಥ್ರಾಟಲ್ ತಿರುಗಿಸಿದೆ. ಟಕ್ ಅಂತು. ಹ್ಯಾಂಡಲ್ ಅಲ್ಲಾಡಿತು, ಕಾಲು ಊರಿ ನಿಂತೆ. ಬಗ್ಗಿ ನೋಡಿದರೆ ಸೀಳು ಬಾಯಿ ತೆರೆದಿದೆ. ಮೋಟರಿನ ಹಳದಿ, ಹಸಿರು, ನೀಲಿ ಮೂರೂ ವೈರು ಆಕ್ಸಲಿಗೆ ಜಡೆ ಹಾಗೆ ಸುತ್ತಿಕೊಂಡಿವೆ. ಹಳದಿಯ ಸಿಪ್ಪೆ ಸುಲಿದು ತಾಮ್ರ ಕಾಣುತ್ತಿದೆ. ಇನ್ನೊಂದು ಸುತ್ತು ತಿರುಗಿದ್ದರೆ ಗಾಲಿಯೇ ಕಳಚಿ ಬರುತ್ತಿತ್ತು.

ಮಂಜ, ಅದಕ್ಕೆ ಎರಡು ದಿನ ಮುಂಚೆ ನಿನ್ನ ಪುಟ್ಟಿ ಆ ಕ್ಯಾರಿಯರ್ ಮೇಲೆ ಕೂತಿದ್ದಳು. ಕುಕ್ಕರಹಳ್ಳಿ ಕೆರೆವರೆಗೆ ಹೋಗಿ ಬಂದೆವು. ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಕೂಗುತ್ತಿದ್ದಳು. ನೀನು ಗೇಟಿನ ಹತ್ತಿರ ನಿಂತು ವಿಡಿಯೊ ಮಾಡುತ್ತಿದ್ದೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆಗುತ್ತಿಲ್ಲ. ಶನಿವಾರ ರಾತ್ರಿಯೇ ಆ ನಟ್ಟು ಕಾಲು ಸುತ್ತು ಸಡಿಲ ಆಗಿದ್ದನ್ನು ನೋಡಿದ್ದೆ. ಯಾಕೆ ಸಡಿಲ ಆಯಿತು ಅಂತ ಕೇಳಿಕೊಳ್ಳದೆ ಬಿಗಿ ಮಾಡಿ ಮಲಗಿದೆ. ಪುಟ್ಟಿ ಬರುತ್ತಾಳೆ, ನೀನು ಬರುತ್ತೀಯ, ಗಾಡಿ ರೆಡಿ ಇರಬೇಕು ಅಂತಷ್ಟೇ ತಲೆಯಲ್ಲಿತ್ತು. ಕೈಯಾರೆ ಒಂದು ಕೆಲಸ ಪೂರ್ತಿ ಮಾಡಿದ್ದೇನೆ ಅಂತ ನಿನಗೆ ತೋರಿಸುವ ಆಸೆ ನನಗೆ ಎಷ್ಟಿತ್ತು ಅಂತ ಈಗ ಗೊತ್ತಾಗುತ್ತಿದೆ. ಮೂರು ದಿನದಿಂದ ಆ ವಿಡಿಯೊ ನೋಡುತ್ತಲೇ ಇದ್ದೇನೆ. ಅವಳ ಮುಖ ನೋಡುವುದಿಲ್ಲ, ಮುಂದಿನ ಗಾಲಿಯನ್ನೇ ನೋಡುತ್ತೇನೆ. ತಪ್ಪಾಯಿತು ಕಣೋ.

ಫೋರ್ಕ್ ಹೊಸದು ತಂದಿದ್ದೇನೆ. ಟಾರ್ಕ್ ಆರ್ಮ್ ಎರಡೂ ಕಡೆ ಹಾಕಿದ್ದೇನೆ. ನಟ್ಟು ಮಾತ್ರ ಕೊನೇ ಸಲ ನೀನೇ ಬಿಗಿ ಮಾಡು, 18ರ ಸ್ಪ್ಯಾನರ್ ತಾ. ಆಮೇಲೆ ಪುಟ್ಟಿಯನ್ನು ಕೂರಿಸುವುದೋ ಬೇಡವೋ ನೀನು ಹೇಳು. ಅವಳಿಗೆ ಅಂತ ಹೊಸ ಬೆಲ್ಲು ಹಾಕಿಸಿದ್ದೇನೆ, ಎರಡು ಬೀದಿ ಆಚೆಗೂ ಕೇಳುತ್ತದೆ.

ಭಾನುವಾರ ಬಾ. ಶಿವಮೊಗ್ಗದ ಕೊಡೆ ಇನ್ನೂ ನನ್ನ ಹತ್ತಿರಾನೇ ಇದೆ. ಅದನ್ನಂತೂ ಕೊಡಲ್ಲ.

ನಿನ್ನ,
ಕೊಡೆಯವನು