ನೂರು ಸರದಾರರನ್ನು ಇಟ್ಟುಕೊಳ್ಳಬೇಡ

ಪುಟ್ಟಿ,

ನಿನ್ನೆ ಫೋನಿನಲ್ಲಿ ನಿನ್ನನ್ನು ಷೇಕ್ಸ್‌ಪಿಯರನ ನಾಟಕದ ಮುದಿ ರಾಜ ಲಿಯರ್ ಅಂದದ್ದು ತಪ್ಪು. ನಾಟಕದ ತಂಡವನ್ನು ಇಷ್ಟು ಚೆಂದ ಬೆಳೆಸಿ, ಈಗ ಹೊಸಬಳ ಕೈಗೊಪ್ಪಿಸಿ ಪುಣೆಗೆ ಹೊರಟು ನಿಂತವಳಿಗೆ ಹಾಗೆ ಚುಚ್ಚಬಾರದಿತ್ತು. ನೀನು ಫೋನು ಇಟ್ಟದ್ದೇ ಸರಿ. ಆದರೆ ಮಾತು ಹಿಂದಕ್ಕೆ ತಗೊಳ್ಳುವುದಿಲ್ಲ, ಬಿಡಿಸಿ ಹೇಳುತ್ತೇನೆ.

ಲಿಯರ್ ಇಬ್ಬರು ಹೆಣ್ಣುಮಕ್ಕಳಿಗೆ ರಾಜ್ಯ ಬಿಟ್ಟದ್ದಕ್ಕಿಂತ, ಬಿಡುವಾಗ ಏನೇನು ಉಳಿಸಿಕೊಂಡ ನೋಡು. ರಾಜನೆಂಬ ಹೆಸರು, 100 ಸರದಾರರು, ತಿಂಗಳಿಗೊಬ್ಬ ಮಗಳ ಮನೆಯಲ್ಲಿ ಠಿಕಾಣಿ. ಆ 100 ಜನ ಉಣ್ಣುವುದು ಹಿರಿಮಗಳು ಗಾನೆರಿಲ್ ಮನೆಯಲ್ಲಿ, ಮಾತು ಕೇಳುವುದು ಅಪ್ಪನದು. ಹದಿನೈದು ದಿನದೊಳಗೆ 50 ಜನಕ್ಕೆ ಕತ್ತರಿ. ಇನ್ನೊಬ್ಬ ಮಗಳು ರೀಗನ್ 25 ಸಾಕೆಂದಳು. ಆಗ ಮುದುಕ ಹಾಕುವ ಲೆಕ್ಕ ಕರುಳು ಕಿವುಚುತ್ತದೆ ಕಣೆ: 25ಕ್ಕಿಂತ 50 ಎರಡರಷ್ಟು, ಹಾಗಾದರೆ ಗಾನೆರಿಲ್‌ಳ ಪ್ರೀತಿಯೂ ಎರಡರಷ್ಟು! ಅಲ್ಲಿಂದ ಹತ್ತು, ಐದು, ಕೊನೆಗೆ ಒಬ್ಬನಾದರೂ ಯಾಕೆ ಅನ್ನುವವರೆಗೆ. ಮಕ್ಕಳು ಕಟುಕರೇ, ಒಪ್ಪಿದೆ. ಜಗಳಕ್ಕೆ ಮಣೆ ಹಾಕಿದ್ದು ಮಾತ್ರ ಅವನ ಷರತ್ತು.

ನಿನ್ನ ಸರದಾರರು ಯಾರು ಹೇಳಲಾ? ಬ್ಯಾಂಕಿನ ಸಹಿ. ವಾಟ್ಸಾಪ್ ಗುಂಪಿನ ಅಡ್ಮಿನ್‌ಗಿರಿ. "ಪಾತ್ರ ಹಂಚುವಾಗ ನನ್ನನ್ನೂ ಒಂದು ಮಾತು ಕೇಳಿ" ಎಂಬ ಮಾತು.

ಷೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕದ ಪ್ರಾಸ್ಪೆರೊ ಕೂಡ ಮೊದಲ ಸಲ ಇದೇ ಎಡವಟ್ಟು ಮಾಡಿದ. ಡ್ಯೂಕ್ ಪದವಿ ತನಗೆ, ಮಿಲಾನಿನ ಆಡಳಿತ ತಮ್ಮ ಆಂಟೋನಿಯೊಗೆ, ತಾನು ಪುಸ್ತಕದೊಳಗೆ. ಯಾರಿಗೆ ಹೂಂ, ಯಾರಿಗೆ ಉಹೂಂ ಅನ್ನುವುದು ಆಂಟೋನಿಯೊ ಕೈಸೇರಿದ ಮೇಲೆ ಪದವಿಯೂ ಹೋಯಿತು. 12 ವರ್ಷ ದ್ವೀಪದಲ್ಲಿದ್ದ ಮೇಲೆ ಮಂತ್ರಶಕ್ತಿ ಬಿಡುವಾಗ ಹಾಗಾಗಲಿಲ್ಲ. ಸಂಜೆ ಆರರ ಗಡುವು, ಬಾಕಿ ಕೆಲಸವೆಲ್ಲ ಚುಕ್ತಾ, ಕೋಲು ಮುರಿದು ಹೂಳುವುದು, ಪುಸ್ತಕ ಮುಳುಗಿಸುವುದು, ಊಳಿಗದ ಗಾಳಿಭೂತ ಏರಿಯಲ್‌ಗೆ ಬಿಡುಗಡೆ. ಅವನಿಗೆ ಮಿಲಾನ್ ವಾಪಸು ಸಿಕ್ಕಿತಲ್ಲ ಅಂತ ನೀನು ವಾದಿಸುತ್ತೀ, ಗೊತ್ತು.

ಸರಿ, ನಮ್ಮ ಭರತನನ್ನು ತಗೋ. 14 ವರ್ಷ ನಂದಿಗ್ರಾಮದಲ್ಲಿ ಪಾದುಕೆ ಮುಂದಿಟ್ಟುಕೊಂಡು ದುಡಿದ. ರಾಮ ಬಂದಾಗ ಪಾದುಕೆ ತೊಡಿಸಿ, ಬೊಕ್ಕಸ, ಕಣಜ, ಪಟ್ಟಣ, ಸೈನ್ಯ ನೋಡಿಕೋ, ಎಲ್ಲ ಹತ್ತರಷ್ಟಾಗಿದೆ ಅಂದ. ಅಳು ಆಮೇಲೆ, ಲೆಕ್ಕ ಮೊದಲು.

ನೀನೂ ಲೆಕ್ಕ ಒಪ್ಪಿಸು. ಸಹಿ ಬದಲಿಸಲು ಸಮಿತಿಯ ಠರಾವಿನ ಪ್ರತಿ, ಹೊಸಬಳ ಗುರುತಿನ ಚೀಟಿ, ಫೋಟೊ ಬೇಕು. ಬ್ಯಾಂಕಿನವರು ಓಡಾಡಿಸುತ್ತಾರೆ, ಈ ವಾರವೇ ಹೋಗು. ಅನುಕೂಲಕ್ಕಿರಲಿ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಬರಬೇಡ, ಆಮೇಲೆ ದುಡ್ಡು ತಪ್ಪಿದರೆ ಹೆಸರು ನಿನ್ನದೇ ಬರುತ್ತದೆ. ವೇಷಭೂಷಣ, ದೀಪ, ವೈರು ಇಬ್ಬರೂ ಕೂತು ಎಣಿಸಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಸಭಾಂಗಣದ ಠೇವಣಿ ರಸೀದಿ ಮರೆಯಬೇಡ. ಮೊದಲ ನಾಟಕ ಮುಗಿಯುವ ತನಕ ವಿಡಿಯೊ ಕಾಲಿನಲ್ಲಿ ತಾಲೀಮು ನೋಡಬೇಡ. ಅವಳು ಕೇಳಿದರೆ ಹೇಳು, ಕೇಳದಿದ್ದರೆ ತುಟಿ ಹೊಲಿದುಕೋ.

ನೋಡು, ಮತ್ತೆ ಪಾಠಕ್ಕೆ ಕೂತೆ.

ಪುಣೆಗೆ ಹೋದಮೇಲೆ ದಿನಕ್ಕೆ ಎರಡು ಸಲ ಫೋನು ಅಂತ ನಾನೂ ಷರತ್ತು ಹಾಕಿದ್ದೆನಲ್ಲ, ಒಂದಕ್ಕೆ ಇಳಿಸಿಕೋ. ಸೊನ್ನೆ ಮಾಡಬೇಡ.

ನಿನ್ನ
ಅಮ್ಮ